ವೈನಿಯ ಮೂಗಾಗಿದ್ದ ಚಾತುರ್ಮಾಸ

ಹೋದ ಆಷಾಢದಲ್ಲಿ ಸೇಡಂಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಿಂದ ಅಣ್ಣನ ಮನೆಗೆ ನಡೆದು ಬರುವಷ್ಟರಲ್ಲಿ ಸೀರೆಯ ಅಂಚಿಗೆಲ್ಲ ಕರಿಮಣ್ಣು ಹತ್ತಿತ್ತು. ಕಾಲು ತೊಳೆದು ಪಡಸಾಲೆ ದಾಟಿ ಒಳಗೆ ಬಂದವಳು ಅಡುಗೆಮನೆಯ ಹೊಸ್ತಿಲ ಹತ್ತಿರ ನಿಂತುಬಿಟ್ಟೆ. ಒಳಗೆ ಅಣ್ಣ ಮಡಿಯುಟ್ಟು ಒಲೆಯ ಮುಂದೆ ಕೂತಿದ್ದ. ಬೆನ್ನಷ್ಟೇ ಕಾಣುತ್ತಿತ್ತು. ಬಾಣಲೆಯಲ್ಲಿ ಹೆಸರುಬೇಳೆ ಹುರಿಯುತ್ತಿದ್ದ.

ಹೆಸರುಬೇಳೆ ಹುರಿಯುವ ವಾಸನೆ ಮೊದಲು ಹಸಿಯಾಗಿರುತ್ತದೆ, ಒದ್ದೆ ಗೋಣಿಚೀಲದ ಹಾಗೆ. ಆಮೇಲೆ ನಿಧಾನಕ್ಕೆ ಘಮ ಬರುತ್ತದೆ. ಆ ಘಮ ತುಂಬಿ ಬಂದ ಒಂದು ಗಳಿಗೆಯಲ್ಲಿ ಇಳಿಸಿಬಿಡಬೇಕು, ಬಿಟ್ಟರೆ ಕರಕಾಗುತ್ತದೆ. ಆ ಗಳಿಗೆ ಬಂದದ್ದು ನನಗೆ ತಿಳಿಯಿತು. ಮಾತು ತುಟಿಯವರೆಗೆ ಬಂತು. ಆದರೆ ಆ ಮಾತನ್ನು ನಾನು ಹೇಳುತ್ತಿದ್ದದ್ದು ಸುಶೀಲಾ ವೈನಿಗೆ. ಅವರು ಹೋಗಿ ಬಹಳ ವರ್ಷಗಳಾದವು.

ಸುಶೀಲಾ ವೈನಿ ನನ್ನ ಅಣ್ಣನ ಹೆಂಡತಿ. ಅವರು ಮದುವೆಯಾಗಿ ನಮ್ಮ ಮನೆಗೆ ಬಂದಾಗ ನಾನು ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆ. ನನಗೆ ಜಡೆ ಹಾಕಿದವರು, ಟಿ.ಸಿ.ಎಚ್. ಓದಿಸಲು ಅಣ್ಣನ ಹತ್ತಿರ ಹಟ ಹಿಡಿದವರು, ಮದುವೆ ಮಾಡಿ ಕಳಿಸಿದವರು ಅವರೇ. ನಾನು ಬರೆಯಬೇಕೆಂದಿರುವುದು ಅವರ ಜೊತೆ ಕಳೆದ ಒಂದು ಮಳೆಗಾಲದ ಬಗ್ಗೆ. ಟಿವಿಯಲ್ಲಿ ಅಡುಗೆ ಸ್ಪರ್ಧೆಗಳು ಹೊಸದಾಗಿ ಬರತೊಡಗಿದ್ದ ಕಾಲ ಅದು. ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದ ನನಗೆ ಆ ವರ್ಷ ಸೇಡಂಗೆ ವರ್ಗವಾಯಿತು. ನನ್ನ ಗಂಡನದು ವಾಡಿಯಲ್ಲಿ ರೈಲ್ವೆ ಕೆಲಸ. ವಾರವೆಲ್ಲ ಅಣ್ಣನ ಮನೆಯಲ್ಲಿದ್ದು, ಶನಿವಾರ ಸಂಜೆಯ ಗಾಡಿಗೆ ವಾಡಿಗೆ ಹೋಗುತ್ತಿದ್ದೆ.

ನಮ್ಮ ಮನೆತನಕ್ಕೆ ಊರಿನ ಹಳೆಯ ಹನುಮಂತ ದೇವರ ಪೂಜೆ ಬಂದಿದೆ. ಪೂಜೆ ಅಣ್ಣನದು. ನೈವೇದ್ಯ ಮಾತ್ರ ಮನೆಯಲ್ಲೇ ತಯಾರಾಗಿ ಗುಡಿಗೆ ಹೋಗಬೇಕು, ಅದು ವೈನಿಯ ಕೆಲಸ. ಸ್ನಾನ ಮಾಡಿ, ಯಾರೂ ಮುಟ್ಟದ ಹಾಗೆ ಒಣಗಿಸಿದ ಸೀರೆಯುಟ್ಟು ಅವರು ಅಡುಗೆಮನೆಗೆ ಹೋದರೆಂದರೆ, ನೈವೇದ್ಯ ಹೊರಡುವವರೆಗೆ ಬೇರೆಯವರು ಹೊಸ್ತಿಲು ದಾಟುವ ಹಾಗಿಲ್ಲ. ಮತ್ತೊಂದು ನಿಯಮವೂ ಇತ್ತು. ಮಾಡಿದ್ದನ್ನು ಮೊದಲು ದೇವರು ಉಣ್ಣಬೇಕು. ಆದ್ದರಿಂದ ಅಡುಗೆ ಮಾಡುವವರು ಒಂದು ಹನಿಯನ್ನೂ ನಾಲಿಗೆಗೆ ಹಚ್ಚಿ ನೋಡುವ ಹಾಗಿಲ್ಲ. ಮದುವೆಯಾಗಿ ಬಂದ ದಿನದಿಂದ ವೈನಿ ಹಾಗೆಯೇ ಮಾಡಿಕೊಂಡು ಬಂದಿದ್ದರು. ಅವರ ಹುಳಿಯನ್ನ, ಅವರ ಹಯಗ್ರೀವ ಉಂಡವರು ಚಿಂಚೋಳಿಯವರೆಗೂ ಹೇಳಿಕೊಂಡು ಹೋಗುತ್ತಿದ್ದರು.

ಶನಿವಾರ ನಮಗೆ ಬೆಳಗಿನ ಶಾಲೆ. ನಾನು ಮನೆಗೆ ಬಂದು ಊಟ ಮುಗಿಸುವಷ್ಟರಲ್ಲಿ ಟಿವಿಯಲ್ಲಿ ಸ್ಪರ್ಧೆ ಶುರುವಾಗುತ್ತಿತ್ತು. ಪಡಸಾಲೆಯಲ್ಲಿ ವೈನಿ ಹೂಬತ್ತಿ ಹೊಸೆಯುತ್ತ ಕೂರುವರು. ಹತ್ತನೆಯ ಕ್ಲಾಸಿನಲ್ಲಿದ್ದ ಅವರ ಮಗಳು ವೀಣಾ ಪುಸ್ತಕ ತೆರೆದಿಟ್ಟುಕೊಂಡು ಟಿವಿ ನೋಡುವಳು. ಪಕ್ಕದ ಮನೆಯ ನೀಲಮ್ಮ ಬಂದು ಬಾಗಿಲ ಹತ್ತಿರ ಕೂರುವಳು. ಅವಳ ಗಂಡ ಮಳಖೇಡದ ಸಿಮೆಂಟ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಅಣ್ಣ ಮೂಲೆಯ ಕುರ್ಚಿಯಲ್ಲಿ ಪೇಪರು ಹಿಡಿದು, ಈ ಗದ್ದಲಕ್ಕೂ ತನಗೂ ಸಂಬಂಧವಿಲ್ಲವೆಂಬಂತೆ ಇರುತ್ತಿದ್ದ.

ಮೊದಲ ವಾರವೇ ಒಬ್ಬಾಕೆ ಕುದಿಯುವ ಸಾರನ್ನು ಚಮಚದಲ್ಲಿ ತೆಗೆದು ಹೀರಿ ನೋಡಿದಳು.

"ಅಯ್ಯ, ಎಂಜಲಾತಲ್ಲ" ಎಂದರು ವೈನಿ.

"ನಾವೆಲ್ಲಾ ಹಿಂಗೇ ಮಾಡೂದ್ರಿ ಅಮ್ಮಾರ" ಎಂದಳು ನೀಲಮ್ಮ. "ಅಂಗೈ ಮ್ಯಾಲ ಹಾಕ್ಕೊಂಡು ನೆಕ್ಕಿ ನೋಡ್ತೀವಿ. ಇಲ್ಲಂದ್ರ ಉಪ್ಪು ಆಗ್ಯದೋ ಇಲ್ಲೋ ಹೆಂಗ ತಿಳೀಬೇಕು?"

"ಉಪ್ಪು ಕೈಗಿ ತಿಳೀತದ."

"ಬೆಂದದ್ದು?"

"ಕುದಿಯೂ ಸಪ್ಪಳದಾಗ ತಿಳೀತದ."

"ಹುರದದ್ದು?"

ವೈನಿ ಹೂಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. "ಅದು ಮೂಗಿಗಿ" ಎಂದು, ಮತ್ತೆ ಹತ್ತಿಯನ್ನು ಎತ್ತಿಕೊಂಡರು.

ಆ ಹೊತ್ತಿಗೆ ಮೂಲೆಯಿಂದ ಅಣ್ಣನ ದನಿ ಬಂತು. "ಆ ಚಮಚಾ ತಿರುಗಿ ಅದೇ ಪಾತ್ರ್ಯಾಗ ಇಟ್ಟಳು ನೋಡು."

"ನೀವು ಪೇಪರ್ ಓದ್ಲಿಕತ್ತಿದ್ರೆಲ್ಲ?" ಎಂದರು ವೈನಿ.

"ಪೇಪರಿನಾಗೂ ಇದೇ ಸುದ್ದಿ ಬಂದದ" ಎಂದು ಅಣ್ಣ ಹಾಳೆ ಮಗುಚಿದ.

ವೈನಿ ಏಳನೆಯ ಇಯತ್ತೆ ಕಲಿತವರು. ಆದರೆ ಆ ಸ್ಪರ್ಧೆಯಲ್ಲಿ ನಮಗೆ ಕಾಣದ್ದು ಅವರಿಗೆ ಕಾಣುತ್ತಿತ್ತು. ನಾನು ಮತ್ತು ವೀಣಾ ಯಾರು ಗೆದ್ದರು, ಯಾರು ಸೋತರು ಎಂದು ನೋಡುತ್ತಿದ್ದೆವು. ಅವರು ಕೈ ನೋಡುತ್ತಿದ್ದರು, ಮುಖ ನೋಡುತ್ತಿದ್ದರು. ಒಂದು ವಾರ ಇಬ್ಬರ ಅನ್ನ ಮುದ್ದೆಯಾಯಿತು. ಒಬ್ಬಾಕೆ ಅದನ್ನು ಚೆಲ್ಲಿ ಹೊಸದಾಗಿ ಅಕ್ಕಿ ಹಾಕಿದಳು, ಬೇಯುವಷ್ಟರಲ್ಲಿ ವೇಳೆ ಮುಗಿಯಿತು. ಇನ್ನೊಬ್ಬಾಕೆ ಆ ಮುದ್ದೆ ಅನ್ನಕ್ಕೇ ಮೊಸರು ಕಲಸಿ, ಒಗ್ಗರಣೆ ಕೊಟ್ಟು ಮುಂದಿಟ್ಟಳು. "ಕೆಟ್ಟದ್ದರಾಗ ಎಷ್ಟು ಛಲೋ ಉಳದದ ಅಂತ ನೋಡಿದ್ಲು, ನೋಡು" ಎಂದರು ವೈನಿ. ಸೋಮವಾರ ಕ್ಲಾಸಿನಲ್ಲಿ ಒಬ್ಬ ಹುಡುಗಿಯ ಪಾಟಿಯ ಮೇಲೆ ಲೆಕ್ಕ ತಪ್ಪಾಗಿತ್ತು. ಪೂರ್ತಿ ಅಳಿಸು ಎನ್ನಲು ಬಾಯಿ ತೆರೆದವಳು ತಡೆದು, ಎಲ್ಲಿಯವರೆಗೆ ಸರಿ ಇದೆ ಎಂದು ಅವಳನ್ನೇ ಹುಡುಕಲು ಹಚ್ಚಿದೆ. ಇಂದಿಗೂ ಹಾಗೆಯೇ ಮಾಡುತ್ತೇನೆ.

ಇನ್ನೊಂದು ವಾರ ಒಬ್ಬಾಕೆ ಪಕ್ಕದವಳ ಒಲೆಯನ್ನೇ ನೋಡುತ್ತ ನಿಂತು ತನ್ನ ಪಲ್ಯ ಹೊತ್ತಿಸಿಕೊಂಡಳು. "ನೋಡಿದೇನ ವೀಣಾ?" ಎಂದರು ವೈನಿ. ವೀಣಾಗೆ ತನ್ನ ಮಾರ್ಕಿಗಿಂತ ಗೆಳತಿಯ ಮಾರ್ಕಿನ ಚಿಂತೆಯೇ ಹೆಚ್ಚಾಗಿತ್ತು. ಅವಳು ಪುಸ್ತಕವನ್ನು ಮುಖಕ್ಕೆ ಹತ್ತಿರ ಹಿಡಿದಳು.

ಕೊನೆಗೆ ಗಂಟೆ ಬಾರಿಸುತ್ತಿದ್ದರು. ಗಂಟೆಯಾದ ಕೂಡಲೇ ಎಲ್ಲರೂ ಎರಡೂ ಕೈ ಮೇಲೆತ್ತಿ ಹಿಂದೆ ಸರಿಯಬೇಕು. ಪಾತ್ರೆಯಲ್ಲಿ ಎಷ್ಟೇ ರುಚಿಯಾದದ್ದಿದ್ದರೂ ತಟ್ಟೆಗೆ ಬಂದಷ್ಟೇ ಲೆಕ್ಕಕ್ಕೆ. ಟಿವಿ ಆರಿಸಿದ ಮೇಲೂ ವೈನಿ ಅತ್ತಲೇ ನೋಡುತ್ತ ಕೂತಿರುತ್ತಿದ್ದರು.

ಆಷಾಢ ಏಕಾದಶಿಯಿಂದ ಚಾತುರ್ಮಾಸ ಹಿಡಿಯಿತು. ಮಳೆಗಾಲದ ಈ ನಾಲ್ಕು ತಿಂಗಳು ನಮ್ಮಲ್ಲಿ ಊಟದ ವ್ರತ. ಮೊದಲ ತಿಂಗಳು ಕಾಯಿಪಲ್ಯೆ, ಹುಣಸೆಹಣ್ಣು, ಮೆಣಸಿನಕಾಯಿ ಇಲ್ಲ. ಎರಡನೆಯ ತಿಂಗಳು ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ಕೊನೆಯದರಲ್ಲಿ ಬೇಳೆಕಾಳು ಇಲ್ಲ. "ಅವರಿಗಿ ಒಂದು ತಾಸು. ನಮಗ ನಾಕು ತಿಂಗಳ ಸ್ಪರ್ಧೆ" ಎಂದು ವೈನಿ ನಗುತ್ತಿದ್ದರು. ಒಂದು ವರ್ಷವೂ ಅವರು ಆ ವ್ರತ ಬಿಟ್ಟವರಲ್ಲ.

ಆ ವರ್ಷ ಮೊದಲ ತಿಂಗಳಲ್ಲೇ ಏನೋ ಹದ ತಪ್ಪಿತು. ಒಂದು ದಿನ ತೊವ್ವೆಯ ಬೇಳೆ ಹಸಿಹಸಿ, ಮರುದಿನ ಕರಕು. ಪಾಯಸದ ಹಾಲು ತಳ ಹತ್ತಿತ್ತು. ಅಣ್ಣ ಎಂದಿನಂತೆ ಉಂಡು ಕೈ ತೊಳೆದ. ವೀಣಾ ಮಾತ್ರ, "ಅವ್ವಾ, ಸುಟ್ಟ ವಾಸನಿ ಬರ್ತದ" ಎಂದಳು.

"ಹೌದೇನು? ಒಲಿ ಹೊಗಿ ಇರಬೇಕು" ಎಂದರು ವೈನಿ.

ಅದು ಯಾರಿಗೂ ದೊಡ್ಡದಾಗಿ ಕಾಣಲಿಲ್ಲ. ವೈನಿಗೆ ಯುಗಾದಿಯಿಂದ ಮೂಗು ಕಟ್ಟಿದ ಹಾಗಿತ್ತು, ನಿಜ. ಆದರೆ ನಮ್ಮ ಕಡೆ ಯಾರ ಮೂಗು ಸರಿ ಇರುತ್ತದೆ? ಸಿಮೆಂಟಿನ ಧೂಳು ತುಳಸಿಯ ಎಲೆಯ ಮೇಲೂ ಕೂರುತ್ತದೆ, ಒಣಹಾಕಿದ ಸೀರೆಯ ಮಡಿಕೆಯಲ್ಲೂ ಕೂರುತ್ತದೆ. ನೆಗಡಿಯೆಂದರೆ ಧೂಳು, ತಲೆನೋವೆಂದರೆ ಧೂಳು. ಊರಿನ ಡಾಕ್ಟರು ಮೂಗಿಗೆ ಹನಿ ಹಾಕಿಕೊಳ್ಳಲು ಒಂದು ಶೀಶೆ ಬರೆದುಕೊಟ್ಟಿದ್ದರು. ಅದು ದೇವರ ಮನೆಯ ಗೂಡಿನಲ್ಲಿ ಎಣ್ಣೆಯ ಶೀಶೆಯ ಪಕ್ಕದಲ್ಲಿತ್ತು.

ಶ್ರಾವಣದ ಒಂದು ಶನಿವಾರ ಟಿವಿಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟುವ ಸುತ್ತು. ಮೂಗಿನ ಹತ್ತಿರ ಹಿಡಿದ ಪದಾರ್ಥ ಯಾವುದೆಂದು ಮೂಸಿ ಹೇಳಬೇಕು. ಒಬ್ಬಾಕೆ ಸೋಂಪನ್ನು ಜೀರಿಗೆ ಎಂದಳು. ವೀಣಾ ಬಿದ್ದು ಬಿದ್ದು ನಕ್ಕಳು. ಅಷ್ಟರಲ್ಲಿ ಲೈಟು ಹೋಯಿತು. ಲೈಟು ಹೋದರೆ ಸೇಡಂನಲ್ಲಿ ಅದು ಯಾವಾಗ ಬರುವುದೆಂದು ಯಾರೂ ಕಾಯುವುದಿಲ್ಲ. ವೀಣಾ ಎದ್ದು ಹೋಗಿ ಅಡುಗೆಮನೆಯಿಂದ ಡಬ್ಬಿಗಳನ್ನು ತಂದಳು. ನೈವೇದ್ಯವಾದ ಮೇಲೆ ಒಳಗೆ ಹೋಗಬಹುದಿತ್ತು.

ಮೊದಲು ನನ್ನ ಕಣ್ಣಿಗೆ ಕಟ್ಟಿದರು, ನಾನು ಮೂರರಲ್ಲಿ ಎರಡು ಹೇಳಿದೆ. ನೀಲಮ್ಮ ಎಲ್ಲ ಹೇಳಿ, "ನನ್ನ ಟಿವಿಗಿ ಕಳಸ್ರಿ ಮತ್ತ" ಎಂದಳು. ಆಮೇಲೆ ವೈನಿಯ ಸರದಿ. ಅವರು ಬೇಡ ಬೇಡವೆಂದರೂ ನೀಲಮ್ಮ ಸೆರಗು ಹಿಡಿದು ಕೂರಿಸಿದಳು. "ನಿಮ್ಮ ಸಲುವಾಗೇ ಇಟ್ಟಾರ ಈ ಆಟ. ಕುಂದ್ರಿ ಅಮ್ಮಾರ."

ವೀಣಾ ತಾಯಿಯ ಮೂಗಿನ ಕೆಳಗೆ ಇಂಗಿನ ಡಬ್ಬಿಯನ್ನೇ ತೆರೆದು ಹಿಡಿದಳು. ಆಚೆ ಕೂತಿದ್ದ ನನಗೂ ಅದು ಗಮ್ಮೆಂದು ಹೊಡೆಯಿತು. ವೈನಿ ಉಸಿರೆಳೆದರು. ಮತ್ತೊಮ್ಮೆ ಎಳೆದರು. ಕಣ್ಣು ಕಟ್ಟಿದ್ದರೂ ಮುಖ ಆಚೀಚೆ ಹುಡುಕಿತು. ಆಮೇಲೆ ನಕ್ಕರು.

"ಖಾಲಿ ಕೈ ಹಿಡದು ನನ್ನ ಮಂಗ ಮಾಡ್ಲಿಕತ್ತೀಯೇನ? ಏನರ ಹಿಡಿ ಮೊದಲ."

ವೀಣಾ, ನೀಲಮ್ಮ ಚಪ್ಪಾಳೆ ತಟ್ಟಿ ನಕ್ಕರು. ವೈನಿ ಬೇಕೆಂದೇ ಹಾಗೆ ಹೇಳಿ ತಮ್ಮನ್ನೇ ಮಂಗ ಮಾಡಿದರೆಂದು ಅವರು ತಿಳಿದರು. ನಗದವರು ಇಬ್ಬರು. ಒಬ್ಬಳು ನಾನು. ಇನ್ನೊಬ್ಬ ಅಣ್ಣ. ಅವನ ಪೇಪರು ಅಲುಗಾಡಲಿಲ್ಲ.

ಹಿತ್ತಲಲ್ಲಿ ಪಾತ್ರೆ ತೊಳೆಯುವಾಗ ನಾನು ಹೇಳಿದೆ. "ವೈನಿ, ವೀಣಾ ಇಂಗು ಹಿಡದಿದ್ಲು."

ಅವರು ಬೂದಿ ಹಚ್ಚಿ ತಿಕ್ಕುತ್ತಲೇ ಇದ್ದರು. "ಗೊತ್ತಾತು. ಡಬ್ಬಿ ಮುಚ್ಚೂ ಸಪ್ಪಳ ಕೇಳಿದ ಮ್ಯಾಲ ಗೊತ್ತಾತು."

"ಯಾವಾಗಿಂದ?"

"ಯುಗಾದಿ ಮುಂದ ಇಷ್ಟಿಷ್ಟು ಇತ್ತು. ಈಗ ಏನೂ ಇಲ್ಲ. ಊದಿನಕಡ್ಡಿ ಹಚ್ಚಿದ್ರೂ ಇಲ್ಲ, ಮಳಿ ಬಂದ್ರೂ ಇಲ್ಲ." ಸ್ವಲ್ಪ ತಡೆದು ಹೇಳಿದರು. "ಊಟದಾಗ ಉಪ್ಪು, ಹುಳಿ ಅಷ್ಟೇ ತಿಳೀತದ. ಎಲ್ಲಾ ಒಂದೇ ಹಂಗ."

"ಅಣ್ಣಗ ಹೇಳ್ರಿ. ಕಲಬುರಗಿಗಿ ಹೋಗಿ ತೋರಸೂಣು."

"ಹೇಳ್ತೀನಿ. ಚಾತುರ್ಮಾಸ ಮುಗೀಲಿ."

"ವೈನಿ..."

"ಸುಧಾ, ಮೂಗಿಲ್ಲದಾಕಿ ಅಡಗಿ ಮಾಡ್ತಾಳಂದ್ರ ನಿಮ್ಮಣ್ಣ ದೇವರಿಗಿ ಒಯ್ತಾರೇನು? ಬ್ಯಾರೆಯವರನ್ನ ಕರೀತಾರ. ಆಮ್ಯಾಲ ನಾ ಆ ಹೊಸ್ತಿಲದ ಹೊರಗ ಕುಂತು ಏನ ಮಾಡ್ಲಿ?"

ಅವರ ದನಿಯಲ್ಲಿ ಅಳುವಿರಲಿಲ್ಲ. ಆ ಪ್ರಶ್ನೆ ಅವರ ಒಳಗೆ ಬಹಳ ದಿನದಿಂದ ತಿರುಗಿ ತಿರುಗಿ ಸವೆದುಹೋಗಿದ್ದ ಹಾಗಿತ್ತು. ಇದ್ದವಳು ಒಬ್ಬಳೇ ಮಗಳು, ಅವಳೂ ನಾಳೆ ಬೇರೆ ಮನೆಗೆ ಹೋಗುವವಳು. ಗಂಡ ಮಾತು ಕಡಿಮೆಯ ಮನುಷ್ಯ. ದಿನಾ ಬೆಳಿಗ್ಗೆ ಬಾಳೆಲೆ ಮುಚ್ಚಿ ಹೊರಡುವ ಆ ಹಿತ್ತಾಳೆಯ ಪಾತ್ರೆಯೇ ಅವರಿಗೆ ಈ ಮನೆಯಲ್ಲಿ ತಾವು ಯಾರೆಂಬುದನ್ನು ಹೇಳುತ್ತಿತ್ತು.

"ನಿನ್ನ ಮೂಗು ಛಲೋ ಅದ ಅಲ್ಲ?" ಎಂದರು. "ನೀ ಹೊಸ್ತಿಲದಾಗ ನಿಂದ್ರು."

ಹೀಗೆ ನಾನು ವೈನಿಯ ಮೂಗಾದೆ. ಶಾಲೆಗೆ ಹೋಗುವ ಮುಂಚೆ ಅಡುಗೆಮನೆಯ ಹೊಸ್ತಿಲ ಹೊರಗೆ ನಿಲ್ಲುತ್ತಿದ್ದೆ. ಕಾಲ ಕೆಳಗೆ ಶಹಾಬಾದದ ಕಲ್ಲು ತಣ್ಣಗೆ ಕೊರೆಯುತ್ತಿತ್ತು. ಒಳಗೆ ಕತ್ತಲು. ನಮ್ಮ ಆ ಅಡುಗೆಮನೆಗೆ ಇರುವುದು ಅಂಗೈಯಗಲದ ಒಂದು ಕಿಂಡಿ. ಹೊಗೆ ಹಿಡಿದ ಗೋಡೆ ಬೆಳಕನ್ನು ನುಂಗಿಬಿಡುತ್ತದೆ. ಬಾಣಲೆಯಲ್ಲಿದ್ದದ್ದರ ಬಣ್ಣ ಕಣ್ಣಿಗೆ ಕಾಣುವುದು ಕರಕಾದ ಮೇಲೆಯೇ.

"ಕೆಂಪಗಾತೇನು?" ಎಂದು ಒಳಗಿನಿಂದ ಮೆಲ್ಲಗೆ ಕೇಳುವರು.

"ಇನ್ನ ಹಸಿ ಅದರಿ."

"ಈಗ?"

"ಬರ್ಲಿಕತ್ತದ. ತಡೀರಿ... ಈಗ ಇಳಸ್ರಿ."

ಮೊದಲ ಕೆಲವು ದಿನ ನಾನೂ ತಪ್ಪಿದೆ. ಆಮೇಲೆ ಕಲಿತೆ. ತುಪ್ಪ ಕಾಯುವಾಗ ಮೊದಲು ಹುಳಿ ವಾಸನೆ ಬರುತ್ತದೆ, ಆಮೇಲೆ ಸಿಹಿ. ಜೀರಿಗೆ ಕರಕಾಗುವ ಮುಂಚೆ ಒಂದು ಸಲ ಹೊಸ ಕಟ್ಟಿಗೆಯ ಹಾಗೆ ನಾರುತ್ತದೆ. ಇಷ್ಟು ವರ್ಷ ಆ ಮನೆಯಲ್ಲಿ ಉಂಡಿದ್ದೆ, ಒಂದು ದಿನವೂ ಇವನ್ನೆಲ್ಲ ಗಮನವಿಟ್ಟು ಮೂಸಿರಲಿಲ್ಲ. ಒಂದು ವಾರ ಟಿವಿಯಲ್ಲಿ ಇಬ್ಬಿಬ್ಬರ ಜೋಡಿ ಸುತ್ತು ಬಂತು. ಒಬ್ಬರು ಹೇಳಬೇಕು, ಇನ್ನೊಬ್ಬರು ಮಾಡಬೇಕು. ಒಬ್ಬ ಅತ್ತೆಯೂ ಸೊಸೆಯೂ ಜಗಳಾಡಿ ಎಲ್ಲ ಕೆಡಿಸಿಕೊಂಡರು. ವೈನಿ ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕರು. "ಹೇಳಾಕಿ ಜಲ್ದಿ ಹೇಳಬೇಕು. ಮಾಡಾಕಿ ನಂಬಬೇಕು. ಇಷ್ಟೇ ಅದ" ಎಂದರು. ಯಾವ ವಿಷಯ ಎಂದು ನೀಲಮ್ಮನಿಗೆ ತಿಳಿಯಲಿಲ್ಲ.

ಮೊಸರಿಲ್ಲದ ತಿಂಗಳು ಮುಗಿಯಿತು. ಊಟ ಹದಕ್ಕೆ ಬಂದಿತ್ತು. ಆದರೆ ವೈನಿ ಹದ ತಪ್ಪುತ್ತಿದ್ದರು. ಬೆಳಿಗ್ಗೆ ಏಳುವಾಗಲೇ ತಲೆನೋವು. ಹೂಬತ್ತಿ ಹೊಸೆಯುತ್ತ ಕೈ ನಿಂತುಬಿಡುವುದು. ಒಂದು ದಿನ ನೀಲಮ್ಮ ಮಾಮೂಲಿನಂತೆ ಏನೋ ಚೇಷ್ಟೆ ಮಾಡಿದ್ದಕ್ಕೆ, "ನಿನಗ ನಿಮ್ಮ ಮನ್ಯಾಗ ಕೆಲಸಿಲ್ಲೇನು?" ಎಂದುಬಿಟ್ಟರು. ವೈನಿಯ ಬಾಯಿಂದ ಅಂಥ ಮಾತನ್ನು ಯಾರೂ ಕೇಳಿರಲಿಲ್ಲ. ನೀಲಮ್ಮ ಎದ್ದು ಹೋದಳು. ಮರುದಿನ ತಾನೇ ಬಂದು, "ಸಿಟ್ಟು ಇಳೀತೇನ್ರಿ ಅಮ್ಮಾರ?" ಎಂದಾಗ, ವೈನಿಗೆ ತಾವು ಹಾಗೆ ಅಂದದ್ದೇ ನೆನಪಿರಲಿಲ್ಲ. ನಾನು ಹೆದರಿದೆ. ಇನ್ನು ನೀವು ಅಣ್ಣನಿಗೆ ಹೇಳದಿದ್ದರೆ ನಾನೇ ಹೇಳುತ್ತೇನೆ ಎಂದೆ. ಅವರು ಶನಿವಾರದವರೆಗೆ ತಡೆ ಎಂದರು.

ನವರಾತ್ರಿಯ ಹೊತ್ತಿನ ಶನಿವಾರ ಅದು. ಸ್ಪರ್ಧೆಯಲ್ಲಿ ಕೆಲವರಷ್ಟೇ ಉಳಿದಿದ್ದರು. ಹಳದಿ ಸೀರೆಯ ಒಬ್ಬಾಕೆಯನ್ನು ವೈನಿ ಮೊದಲಿನಿಂದ ಮೆಚ್ಚಿಕೊಂಡಿದ್ದರು. ಅವಳ ತಟ್ಟೆ ನೋಡಲು ಚೆಂದವಾಗಿತ್ತು. ರುಚಿ ನೋಡುವವರು ಚಮಚ ಎತ್ತಿದಾಗ ಅವಳು ಅವರನ್ನು ತಡೆದಳು. ತಳ ಹತ್ತಿದೆ, ಮೇಲಿನದಷ್ಟೇ ಬಡಿಸಿದ್ದೇನೆ, ಒಳಗೆ ಸ್ವಲ್ಪ ಸೀದ ವಾಸನೆ ಇರುತ್ತದೆ, ತಿಳಿದೇ ತಿನ್ನಿ ಎಂದಳು. ಹೇಳದಿದ್ದರೆ ಪ್ರಾಯಶಃ ಅವರಿಗೆ ಗೊತ್ತಾಗುತ್ತಲೂ ಇರಲಿಲ್ಲ.

ವೈನಿ ಹತ್ತಿಯನ್ನು ಕೆಳಗಿಟ್ಟರು. ಜಾಹೀರಾತು ಬಂತು. ಅವರು ಮೂಲೆಯ ಕುರ್ಚಿಯ ಕಡೆ ತಿರುಗಿ, ಎಲ್ಲರ ಮುಂದೆಯೇ ಹೇಳಿದರು.

"ರೀ, ನನಗ ವಾಸನಿ ತಿಳೀವಲ್ದು. ಭಾಳ ದಿನಾತು. ನೈವೇದ್ಯಾ ಸುಧಾ ಹೇಳಿದಂಗ ಮಾಡ್ಲಿಕತ್ತೀನಿ."

ನಾನು ಅಣ್ಣನ ಮುಖ ನೋಡಲಿಲ್ಲ. ಮಡಿಯ ವಿಷಯದಲ್ಲಿ ಅವನು ತಂದೆಗಿಂತ ಕಟ್ಟುನಿಟ್ಟು. ಒಮ್ಮೆ ಬೆಕ್ಕು ಹೊಸ್ತಿಲು ದಾಟಿತೆಂದು ಇಡೀ ಅಡುಗೆಯನ್ನು ಮತ್ತೆ ಮಾಡಿಸಿದವನು.

ಅವನು ಪೇಪರು ಮಡಿಚಿದ. "ನಾ ಏನ್ ಕಿವುಡ ಇದ್ದೀನೇನು?" ಎಂದ. "ಬಾಜು ಖೋಲ್ಯಾಗ ಜಪಕ್ಕ ಕುಂತಿರ್ತೀನಿ. ದಿನಾ ಈಕಿ ಹಸಿ ಅದ, ಇಳಸ್ರಿ ಅಂತ ಒದರೂದು ಕೇಳ್ತದ."

ವೈನಿ ತಲೆ ತಗ್ಗಿಸಿ ಕೂತಿದ್ದರು. "ಹಂಗಾದ್ರ ಬ್ಯಾರೆ ಯಾರಿಗರ..."

"ಯಾರಿಗಿ? ಯಾಕ?" ಅಣ್ಣನ ದನಿ ಎಂದಿನಂತೆ ಒರಟಾಗಿಯೇ ಇತ್ತು. "ದೇವರಿಗಿಂತ ಮೊದಲ ನೈವೇದ್ಯದ ವಾಸನಿ ಸೈತ ತಗೋಬಾರದಂತ ಶಾಸ್ತ್ರ ಅದ. ಅದು ಯಾರ ಕೈಲೇ ಆಗ್ತದ? ನಮ್ಮ ಅವ್ವನ ಕೈಲೇ ಆಗಿಲ್ಲ. ನಮ್ಮ ಅಜ್ಜಿ ಕೈಲೇ ಆಗಿಲ್ಲ. ಈ ಮನ್ಯಾಗ ಖರೇ ಮಡೀಲೆ ಅಡಗಿ ಮಾಡಾಕಿ ಈಗ ನೀ ಒಬ್ಬಾಕಿನೇ."

ನೀಲಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. ಟಿವಿಯಲ್ಲಿ ಸ್ಪರ್ಧೆ ಮತ್ತೆ ಶುರುವಾಯಿತು, ಹಳದಿ ಸೀರೆಯವಳಿಗೆ ಎಷ್ಟು ಅಂಕ ಬಂತೆಂದು ನಮ್ಮಲ್ಲಿ ಯಾರೂ ನೋಡಲಿಲ್ಲ.

"ನೈವೇದ್ಯದ ಮಾತು ಮುಗೀತು" ಎಂದ ಅಣ್ಣ ಏಳುತ್ತ. "ಆದ್ರ ಸೋಮವಾರ ಕಲಬುರಗಿಗಿ ಹೋಗೂದು. ಸುಧಾ, ನೀನೂ ಬಾ."

ಕಲಬುರಗಿಯ ಡಾಕ್ಟರು ವೈನಿಯ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಒಂದು ಕಣ್ಣಿನ ನೋಟವೂ ಮಸುಕಾಗಿದೆ, ಹೈದರಾಬಾದಿಗೆ ಕರೆದುಕೊಂಡು ಹೋಗಿ ಎಂದರು. ಅಲ್ಲಿ ತಲೆಯ ಚಿತ್ರ ತೆಗೆದರು. ಹಣೆಯ ಹಿಂದೆ, ವಾಸನೆಯ ನರ ಇರುವಲ್ಲಿ, ಒಂದು ಗಡ್ಡೆ. ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದಿದೆ ಎಂದರು. ಅಲ್ಲಿನ ಡಾಕ್ಟರು ಹಿಂದಿಯಲ್ಲಿ ಕೇಳಿದರು: ದಿನಾ ಅಡುಗೆ ಮಾಡುವವರು, ರುಚಿ ನೋಡುವಾಗ ಮೊದಲೇ ಗೊತ್ತಾಗಲಿಲ್ಲವೇ? ಅಣ್ಣನಿಗೆ ಹಿಂದಿ ಬರುತ್ತದೆ. ಆದರೂ ಅವನು ಉತ್ತರ ಕೊಡಲಿಲ್ಲ. ನಮ್ಮ ಮನೆಯಲ್ಲಿ ಅಡುಗೆ ಮಾಡುವವರು ರುಚಿ ನೋಡುವುದಿಲ್ಲ ಎಂಬುದನ್ನು ಆ ಬಿಳಿ ಗೋಡೆಯ ಕೋಣೆಯಲ್ಲಿ ಯಾವ ಭಾಷೆಯಲ್ಲಿ ಹೇಳಿದರೂ ಅದೇನೋ ಬೇರೆಯೇ ಆಗಿ ಕೇಳಿಸುತ್ತಿತ್ತು.

ತಲೆ ತೆರೆದು ಗಡ್ಡೆ ತೆಗೆಯಬೇಕು, ತಡ ಮಾಡಬಾರದು ಎಂದರು. ಊರಿಗೆ ಬಂದು ವ್ಯವಸ್ಥೆ ಮಾಡಿಕೊಳ್ಳಲು ಕೆಲವು ದಿನ ಸಿಕ್ಕವು. ಆಗ ಬೇಳೆಯಿಲ್ಲದ ತಿಂಗಳು ನಡೆದಿತ್ತು. ಉತ್ಥಾನ ದ್ವಾದಶಿಗೆ ಚಾತುರ್ಮಾಸ ಮುಗಿಯುತ್ತದೆ, ಅದಾದ ಮರುದಿನವೇ ಹೊರಡೋಣವೆಂದು ವೈನಿ ಕೇಳಿಕೊಂಡರು. ಅಣ್ಣ ಆಗುವುದಿಲ್ಲವೆಂದ. "ಉಳದದ್ದು ನಾ ಮುಗಸ್ತೀನಿ" ಎಂದ.

ಹೊರಡುವ ದಿನ ಬೆಳಿಗ್ಗೆ ಅವರು ಮಡಿಯುಟ್ಟು ಒಳಗೆ ಹೋದರು. ಗೋಡೆ ಹಿಡಿದುಕೊಂಡು ನಡೆಯುತ್ತಿದ್ದರು. ನಾನು ಹೊಸ್ತಿಲಲ್ಲಿ ನಿಂತೆ. ಗೋಧಿ ರವೆಯನ್ನು ತುಪ್ಪದಲ್ಲಿ ಹುರಿದು ಸಜ್ಜಿಗೆ ಮಾಡುವುದಿತ್ತು.

"ಕೆಂಪಗಾತೇನು?"

"ಇನ್ನ ಸ್ವಲ್ಪ, ವೈನಿ."

ಬೇಕೆಂದೇ ನಾನು ತಡ ಮಾಡಲಿಲ್ಲ. ಆದರೆ ಆ ದಿನ ರವೆ ಕೆಂಪಾಗಲು ತೆಗೆದುಕೊಂಡಷ್ಟು ಹೊತ್ತು ಎಂದೂ ತೆಗೆದುಕೊಂಡಿರಲಿಲ್ಲ ಎಂದು ಈಗಲೂ ಅನ್ನಿಸುತ್ತದೆ. ಕೊನೆಗೆ, "ಇಳಸ್ರಿ" ಎಂದೆ. ನೀರು ಬಿದ್ದು ಭುಸ್ಸೆಂದಿತು. ಬೆಲ್ಲ ಬಿತ್ತು. ಆಮೇಲೆ ಅವರು ಪಾತ್ರೆಗೆ ಬಾಳೆಲೆ ಮುಚ್ಚಿ ಅಣ್ಣ ತೆಗೆದುಕೊಳ್ಳುವ ಜಾಗದಲ್ಲಿ ಇಟ್ಟರು. ಹೊಸ್ತಿಲವರೆಗೆ ಬಂದು, ನನ್ನನ್ನು ನೋಡಿ, ಟಿವಿಯವರ ಹಾಗೆ ಎರಡೂ ಕೈಗಳನ್ನು ಮೇಲೆತ್ತಿ ನಿಂತರು. ಬಳೆಗಳು ಜಾರಿ ಮೊಣಕೈಗೆ ಬಂದವು.

"ಗಂಟಿ ಆತು" ಎಂದರು. ನಗುತ್ತಿದ್ದರು.

ನಾನೂ ನಕ್ಕೆ. ಹಿಂದೆ ಅಣ್ಣ ಬಂದು ನಿಂತದ್ದು ಆಗ ಗೊತ್ತಾಗಿರಲಿಲ್ಲ.

ಆಸ್ಪತ್ರೆಯಲ್ಲಿ ಆಪರೇಷನ್ನಿನ ಹಿಂದಿನ ಸಂಜೆ ಅವರ ತಲೆಗೂದಲು ತೆಗೆದರು. ನಮ್ಮವರಲ್ಲಿ ಗಂಡನಿರುವಾಗ ಹೆಂಗಸರ ತಲೆಗೆ ಕತ್ತಿ ತಾಗಿಸುವುದಿಲ್ಲ. ವೈನಿ ನನ್ನ ಕೈಯಿಂದ ಕುಂಕುಮವನ್ನು ದೊಡ್ಡದಾಗಿ ಹಚ್ಚಿಸಿಕೊ‌ಂಡರು. ಆಮೇಲೆ ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಸುಧಾ, ಇಲ್ಲೇನು ವಾಸನಿ ಬರ್ಲಿಕತ್ತದ?"

"ಫಿನಾಯಿಲ್ ವಾಸನಿರಿ. ಬಾಜು ಮಂಚದಾಕಿ ಕಿತ್ತಳಿಹಣ್ಣು ಸುಲೀಲಿಕತ್ತಾಳ."

"ಮತ್ತ?"

"ಯಾರೋ ಚಹಾ ತಂದಾರ. ಶುಂಠಿ ಹಾಕ್ಯಾರ."

"ಕುದದು ಹೆಚ್ಚಾಗ್ಯದೇನು?"

"ಹೌದ್ರಿ, ಹೆಚ್ಚಾಗ್ಯದ."

"ಹಂಗಾದ್ರ ಬ್ಯಾಡ" ಎಂದರು. ನನ್ನ ಕೈ ಹಿಡಿದು ತಮ್ಮ ಹೊಟ್ಟೆಯ ಮೇಲೆ ಇಟ್ಟುಕೊಂಡರು. ನಾನು ಕೇಳದೆಯೇ ಒಂದೊಂದೇ ವಾಸನೆ ಹೇಳುತ್ತ ಹೋದೆ. ಇಲ್ಲಿನದು ಮುಗಿದ ಮೇಲೆ ಮನೆಯದು ಹೇಳಿದೆ: ತುಪ್ಪದ್ದು, ಒಲೆಯ ಬೂದಿಯದು, ಮಳೆ ಬಿದ್ದ ಹಿತ್ತಲಿನದು. ಅವರು ನಿದ್ದೆ ಹೋದರು.

ಗಡ್ಡೆ ತೆಗೆದರು. ವೈನಿ ಒಮ್ಮೆ ಕಣ್ಣು ಬಿಟ್ಟು ಅಣ್ಣನನ್ನು ನೋಡಿದರಂತೆ. ಆಮೇಲೆ ತಲೆಯೊಳಗೆ ರಕ್ತ ಸೋರಿ ಹೆಪ್ಪುಗಟ್ಟಿತು ಎಂದರು. ದ್ವಾದಶಿ ಬರಲು ಇನ್ನೂ ದಿನಗಳಿದ್ದವು.

ನೀಲಮ್ಮ ಮಾತಾಡಿಸಲು ಬಂದಾಗ ಬಾಗಿಲ ಹತ್ತಿರ, ತಾನು ಯಾವಾಗಲೂ ಕೂರುತ್ತಿದ್ದ ಜಾಗದಲ್ಲೇ ಕೂತಳು. ಟಿವಿಯ ಮೇಲೆ ಯಾರೋ ಒಂದು ಪಂಚೆ ಹೊದಿಸಿದ್ದರು. ಆ ಸ್ಪರ್ಧೆಯ ಕೊನೆಯ ವಾರವನ್ನು ಅವಳೂ ನೋಡಿರಲಿಲ್ಲ. ಯಾರು ಗೆದ್ದರೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಮಾರ್ಚಿಗೆ ವೀಣಾಳ ಪರೀಕ್ಷೆ ಮುಗಿಯಿತು, ನನಗೆ ಮತ್ತೆ ವಾಡಿಗೆ ವರ್ಗವಾಯಿತು. ವೀಣಾ ಈಗ ಶಹಾಬಾದಿನಲ್ಲಿದ್ದಾಳೆ, ಅವಳ ಅಡುಗೆಮನೆಗೆ ಎರಡು ದೊಡ್ಡ ಕಿಟಕಿಗಳು. ಅಡುಗೆ ಕುದಿಯುವಾಗ ಚಮಚದಲ್ಲಿ ತೆಗೆದು ರುಚಿ ನೋಡುತ್ತಾಳೆ. ಯಾರಾದರೂ ಏನಾದರೂ ಅಂದರೆ, "ನಮ್ಮವ್ವ ಹಿಂಗ ನೋಡಿದ್ರ ಜಲ್ದಿ ತಿಳೀತಿತ್ತು" ಎನ್ನುತ್ತಾಳೆ.

ಅಣ್ಣ ಬೇರೆ ಯಾರನ್ನೂ ಅಡುಗೆಗೆ ಕರೆಯಲಿಲ್ಲ. ಆ ವರ್ಷ ಉಳಿದ ವ್ರತವನ್ನು ಮುಗಿಸುತ್ತೇನೆಂದು ಅಂದಿದ್ದನಲ್ಲ. ಮೈಲಿಗೆ ಕಳೆದ ಮೇಲೆ ತಾನೇ ಒಲೆಯ ಮುಂದೆ ಕೂತ. ಅಂದಿನಿಂದ ನೈವೇದ್ಯವನ್ನು ಅವನೇ ಮಾಡುತ್ತಾನೆ. ಮೊದಮೊದಲು ಹೇಗೆ ಮಾಡುತ್ತಿದ್ದನೋ, ದೇವರೇ ಉಂಡಿದ್ದಾನೆ.

ಹೋದ ಆಷಾಢದಲ್ಲಿ ನಾನು ಅದೇ ಹೊಸ್ತಿಲಲ್ಲಿ ನಿಂತಿದ್ದೆ. ಕಾಲ ಕೆಳಗೆ ಅದೇ ತಣ್ಣನೆಯ ಕಲ್ಲು. ಒಳಗೆ ಅದೇ ಕತ್ತಲು. ಹೆಸರುಬೇಳೆಯ ಘಮ ತುಂಬಿ ಬಂದಿತ್ತು. ತುಟಿಯವರೆಗೆ ಬಂದ ಮಾತನ್ನು ನಾನು ನುಂಗಿಕೊಂಡು ನಿಂತಿದ್ದೆ. ಅಣ್ಣನ ಮೂಗಿಗೆ ಏನೂ ಆಗಿಲ್ಲ. ಬೀದಿಯ ಆಚೆ ಯಾರ ಮನೆಯಲ್ಲಿ ಏನು ಕುದಿಯುತ್ತಿದೆಯೆಂದು ಹೇಳಬಲ್ಲವನು ಅವನು. ನನ್ನ ಕಾಲಿನ ಸಪ್ಪಳ ಕೇಳಿರಬೇಕು. ತಿರುಗಿ ನೋಡಲಿಲ್ಲ. ಬಾಣಲೆಯಲ್ಲಿ ಕೈಯಾಡಿಸುತ್ತಲೇ ಕೇಳಿದ.

"ಸುಧಾ, ಕೆಂಪಗಾತೇನು?"

ನಾನು ಇನ್ನೊಮ್ಮೆ ಉಸಿರೆಳೆದು ಘಮ ನೋಡಿದೆ. ಅವನು ಕಾದ.

"ಆಗ್ಯದ, ಅಣ್ಣಾ" ಎಂದೆ. "ಇಳಸು."